ಅತ್ತಿಗೆಯ ಎಂಬಿಎ ಮತ್ತು ಅಪ್ಪನ ಭುಜದ ಪ್ಯಾಡು

ನನ್ನ ಅತ್ತಿಗೆ ಎಂಬಿಎ ಸೇರಿದ್ದು ವಿದ್ಯೆಯ ಮೇಲಿನ ಪ್ರೀತಿಯಿಂದಲ್ಲ, ದುಡ್ಡು ದಂಡವಾಗಬಾರದು ಅಂತ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗೀಗ ನಮ್ಮ ಬೀದಿಯಲ್ಲಿ ಕೆಲವರು ಅವಳನ್ನು ಛಲಗಾತಿ, ಚಿಕ್ಕಂದಿನಿಂದಲೂ ಓದಿನ ಹಸಿವು ಇದ್ದವಳು ಎಂದೆಲ್ಲ ಹೊಗಳತೊಡಗಿದ್ದಾರೆ. ಹಸಿವೂ ಇರಲಿಲ್ಲ, ಬಾಯಾರಿಕೆಯೂ ಇರಲಿಲ್ಲ. ಮಗನ ಹೆಸರಿನಲ್ಲಿ ಕಟ್ಟಿದ ಒಂದು ವರ್ಷದ ಫೀಸು ವಾಪಸ್ ಬರುವುದಿಲ್ಲ ಎಂದು ಕಾಲೇಜಿನವರು ಕೈ ಎತ್ತಿದ್ದರು, ಅಷ್ಟೆ.

ನಾನು ಅವಳ ನಾದಿನಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸ. ದಿನವಿಡೀ ಬೇರೆಯವರು ಬಾಯಿ ತೆರೆಯುವುದನ್ನು ನೋಡಿ ನೋಡಿ, ಮನೆಗೆ ಬಂದ ಮೇಲೆ ನನ್ನ ಬಾಯಿಗೆ ಬೀಗ ಹಾಕಲು ಯಾರಿಂದಲೂ ಆಗುವುದಿಲ್ಲ. ನಾನೂ ಅತ್ತಿಗೆಯೂ ಒಂದೇ ವಯಸ್ಸಿನವರಾದ್ದರಿಂದ ನಮ್ಮಿಬ್ಬರದು ಮೊದಲಿನಿಂದಲೂ ಏಕವಚನದ ಸಂಬಂಧ. ಮೇಲಿನ ಮಹಡಿಯಲ್ಲಿ ನಾನೂ ನನ್ನ ಗಂಡನೂ ಇದ್ದೇವೆ. ನಡುವಿನ ಮಹಡಿಯಲ್ಲಿ ಅಣ್ಣ, ಅತ್ತಿಗೆ, ಅವರ ಮಗ ಮತ್ತು ಅಪ್ಪ. ಕೆಳಗೆ ನಮ್ಮ ಬಟನ್ ಅಂಗಡಿ. ಹೆಸರಿಗೆ ಬಟನ್ ಅಂಗಡಿಯಾದರೂ ಜಿಪ್ಪು, ದಾರ, ಹುಕ್ಕು, ಲೇಸು, ಎಲಾಸ್ಟಿಕ್ಕು, ಟೈಲರುಗಳಿಗೆ ಬೇಕಾದ ಎಲ್ಲವೂ ಅಲ್ಲಿದೆ. ಅಂಗಡಿಯ ಹಿಂದೆ ಒಂದು ಕೋಣೆ. ಆ ಕೋಣೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅತ್ತಿಗೆಯ ಸ್ವಭಾವ ತಿಳಿಯಬೇಕಾದರೆ ಒಂದು ಮಾತು ಸಾಕು. ನಮ್ಮ ಕ್ಲಿನಿಕ್ಕಿಗೆ ಹಲ್ಲು ಕೀಳಿಸಿಕೊಳ್ಳಲು ಬಂದವಳು, ಅರ್ಧ ಬಾಯಿ ಮರಗಟ್ಟಿರುವಾಗಲೇ, ಪಕ್ಕದ ಹಲ್ಲೂ ಅಲ್ಲಾಡುತ್ತಿದೆ, ಎರಡೂ ಸೇರಿ ಒಂದೇ ರೇಟಿಗೆ ಕೀಳಿ ಎಂದು ಡಾಕ್ಟರ ಜೊತೆ ಚೌಕಾಸಿಗೆ ಇಳಿದಳು. ಹೇಳಿದ ಬೆಲೆಗೆ ಅವಳು ಏನನ್ನಾದರೂ ಕೊಂಡದ್ದನ್ನು ನಾನು ಕಂಡಿರಲಿಲ್ಲ. ದಾರ ಮುಗಿದ ರೀಲು, ಗುಂಡಿ ಖಾಲಿಯಾದ ಡಬ್ಬಿ, ಒಂದನ್ನೂ ಬಿಸಾಡುವವಳಲ್ಲ. ಇಂಥವಳ ಮಗರಾಯ, ಫೀಸು ಕಟ್ಟಿದ ಮಾರನೆಯ ವಾರ, ತನಗೆ ಬಿಸಿನೆಸ್ಸೂ ಬೇಡ ಫೈನಾನ್ಸೂ ಬೇಡ, ಈಜುಕೊಳದಲ್ಲಿ ಈಜು ಕಲಿಸುವ ಕೆಲಸ ಸಿಕ್ಕಿದೆ ಎಂದು ನಿರಾಳವಾಗಿ ಹೇಳಿ ಟವಲು ಹೆಗಲಿಗೇರಿಸಿ ಹೊರಟುಹೋದ. ಅಣ್ಣ ತಲೆಮೇಲೆ ಕೈ ಹೊತ್ತು ಕೂತ. ಅತ್ತಿಗೆ ಕೂರಲಿಲ್ಲ. ನೇರ ಕಾಲೇಜಿಗೆ ಹೋದಳು.

ಫೀಸು ವಾಪಸ್ ಇಲ್ಲ ಎಂದರು. ಅರ್ಧವಾದರೂ ಕೊಡಿ ಎಂದಳು. ಇಲ್ಲ ಎಂದರು. ಬೇರೆಯವರಿಗೆ ಮಾರಬಹುದಾ ಎಂದಳು. ಕೊನೆಗೆ ಅವಳ ಕಾಟ ತಾಳಲಾರದೆ ಆಫೀಸಿನ ಗುಮಾಸ್ತ, ಮನೆಯವರೇ ಯಾರಾದರೂ ಡಿಗ್ರಿ ಆದವರು ಇದ್ದರೆ ಸಂಜೆ ಬ್ಯಾಚಿನಲ್ಲಿ ಸೀಟು ಬದಲಾಯಿಸಿಕೊಡಬಹುದು ಎಂದು ಬಾಯಿತಪ್ಪಿ ಹೇಳಿಬಿಟ್ಟ. ಮದುವೆಗೆ ಮೊದಲು ಬಿ.ಕಾಂ. ಮುಗಿಸಿದ್ದ ಅತ್ತಿಗೆ ಅಲ್ಲೇ ಪೆನ್ನು ಕೇಳಿ ಇಸಿದುಕೊಂಡಳು. ಟೈರಿನ ಶೋರೂಮಿನ ಮೇಲಿರುವ ಕಾಲೇಜು ಅದು. ಫೀಸು ಕಟ್ಟಿದವರೆಲ್ಲ ಅಲ್ಲಿ ಪ್ರತಿಭಾವಂತರೇ. ಮನೆಗೆ ಬಂದು, ನಾಳೆಯಿಂದ ಸಂಜೆ ಹೊತ್ತು ಅಂಗಡಿ ನೀವೇ ನೋಡಿಕೊಳ್ಳಿ, ನಾನು ಫೈನಾನ್ಸ್ ಓದಬೇಕು ಎಂದಾಗ ಅಣ್ಣ ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು.

ಈಗ ಹಿಂದಿನ ಕೋಣೆಗೆ ಬರೋಣ.

ಒಂದು ಕಾಲದಲ್ಲಿ ಹೆಂಗಸರ ಕೋಟು, ಫ್ರಾಕು, ಜಾಕೆಟ್ಟುಗಳಿಗೆಲ್ಲ ಭುಜದಲ್ಲಿ ದಪ್ಪ ಪ್ಯಾಡು ಇಟ್ಟು ಹೊಲಿಯುವ ಹುಚ್ಚು ಇತ್ತು. ಆಗ ಅಪ್ಪ, ಮುಚ್ಚುತ್ತಿದ್ದ ಒಂದು ಫ್ಯಾಕ್ಟರಿಯಿಂದ ಇಡೀ ಸರಕನ್ನು ಒಟ್ಟಿಗೆ ಎತ್ತಿದರು. ಮೂಟೆಗಳು ಲಾರಿಯಿಂದ ಇಳಿಯುವ ಹೊತ್ತಿಗೆ ಲೋಕದ ಹೆಂಗಸರಿಗೆಲ್ಲ ಒಮ್ಮೆಲೇ ತಮ್ಮ ಸ್ವಂತ ಭುಜವೇ ಸಾಕು ಅನ್ನಿಸಿತು. ಅಂದಿನಿಂದ ಆ ಮೂಟೆಗಳು ಹಿಂದಿನ ಕೋಣೆಯಲ್ಲಿ ಸೂರಿನವರೆಗೆ ಕೂತಿದ್ದವು. ಅಪ್ಪನ ಕಾನೂನು ಒಂದೇ, ಹಾಕಿದ ದುಡ್ಡಿಗಿಂತ ಕಡಿಮೆಗೆ ಒಂದು ಜೊತೆಯನ್ನೂ ಕೊಡಕೂಡದು. ಅಷ್ಟೇ ಆಗಿದ್ದರೆ ಮೊಂಡುತನ ಎಂದು ಸುಮ್ಮನಾಗಬಹುದಿತ್ತು. ಅಪ್ಪ ಪ್ರತಿ ವರ್ಷ ಸರಕು ಎಣಿಸುವ ದಿನ ಪ್ಯಾಡಿನ ಬೆಲೆಗೆ ಬಡ್ಡಿ ಸೇರಿಸಿ, ಹೊಸ ಬೆಲೆಯನ್ನು ರಟ್ಟಿನ ಚೀಟಿಯಲ್ಲಿ ಬರೆದು ಮೂಟೆಗೆ ಕಟ್ಟುತ್ತಿದ್ದರು. ಬ್ಯಾಂಕಿನಲ್ಲಿಟ್ಟಿದ್ದರೆ ಬಡ್ಡಿ ಬರುತ್ತಿರಲಿಲ್ಲವೇ, ನನ್ನ ದುಡ್ಡೇನು ಪಾಪ ಮಾಡಿದೆ ಎನ್ನುವುದು ಅವರ ವಾದ. ಬಡ್ಡಿಗೆ ಬಡ್ಡಿ ಸೇರಿ, ಒಂದು ಜೊತೆ ಪ್ಯಾಡಿನ ಬೆಲೆ ಒಂದು ಒಳ್ಳೆಯ ಕೋಟಿನ ಬೆಲೆಯನ್ನು ದಾಟಿತ್ತು. ಈ ಕಟ್ಟಡಕ್ಕಿಂತ ಆ ಕೋಣೆಯ ಬೆಲೆಯೇ ಜಾಸ್ತಿ ಎಂದು ಅವರು ನೆಂಟರ ಮುಂದೆ ಗಂಭೀರವಾಗಿ ಹೇಳುತ್ತಿದ್ದರು. ಗಿರಾಕಿಗಳು ಚೀಟಿ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಮ್ಮೆ ನಾಯಿಗಳಿಗೆ ಹಾಸಿಗೆ ಹೊಲಿದು ಮಾರುವವನೊಬ್ಬ ಉದ್ದ ಜಿಪ್ಪು ಕೊಳ್ಳಲು ಬಂದು, ಒಳಗಿನ ಮೂಟೆ ನೋಡಿ, ತುಂಬುವುದಕ್ಕೆ ಚೆನ್ನಾಗಿದೆ, ತೂಕಕ್ಕೆ ಕೊಡ್ತೀರಾ ಎಂದು ಕೇಳಿದ. ಅಪ್ಪ ಅವನಿಗೆ ಜಿಪ್ಪನ್ನೂ ಮಾರದೆ ಹೊರಗೆ ಕಳಿಸಿದರು.

ಮನೆಗೆ ಇಲಿ ಕಡಿದ ಪ್ಯಾಡುಗಳು ಮಾತ್ರ ಸಿಗುತ್ತಿದ್ದವು. ಬಿಸಿ ಪಾತ್ರೆ ಹಿಡಿಯಲು, ಅಲ್ಲಾಡುವ ಮೇಜಿನ ಕಾಲಡಿ ಇಡಲು, ಬಾಗಿಲು ಬಡಿದುಕೊಳ್ಳದಂತೆ ತಡೆಯಲು ಅವಕ್ಕಿಂತ ಒಳ್ಳೆಯ ವಸ್ತು ಇಲ್ಲ. ಹಾಗಾಗಿ ನಾವೆಲ್ಲ ಒಳಗೊಳಗೇ ಇಲಿಗಳ ಆಯುರಾರೋಗ್ಯ ಬಯಸುತ್ತಿದ್ದೆವು. ಅಪ್ಪ ದಿನಾ ಮಧ್ಯಾಹ್ನ ಊಟವಾದ ಮೇಲೆ ಸರಕು ನೋಡಿ ಬರುತ್ತೇನೆ ಎಂದು ಆ ಕೋಣೆಗೆ ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಸರಕಿನ ಮೇಲಿನಿಂದ ಗೊರಕೆ ಕೇಳುತ್ತಿತ್ತು. ಇತ್ತ ಹೊಸ ಸರಕಿಗೆ ಜಾಗವಿಲ್ಲದೆ ಎಲಾಸ್ಟಿಕ್ಕಿನ ಸುರುಳಿಗಳು ಮೆಟ್ಟಿಲು ಹತ್ತಿ ಮನೆಯೊಳಗೆ ಬಂದಿದ್ದವು. ಅಣ್ಣನ ಹಾಸಿಗೆಯ ಅರ್ಧ ಭಾಗ ಲೇಸಿನ ಪಾಲಾಗಿತ್ತು.

ಕಾಲೇಜಿನಲ್ಲಿ ಅತ್ತಿಗೆಗೆ ಮೊದಲ ದಿನವೇ 'ಬಟನ್ ಆಂಟಿ' ಎಂದು ನಾಮಕರಣವಾಯಿತು. ತರಗತಿಯಲ್ಲಿ ಇದ್ದವರೆಲ್ಲ ಅವಳ ಮಗನ ವಯಸ್ಸಿನವರು. ಫೈನಾನ್ಸ್ ಮೇಷ್ಟ್ರಿಗೂ ಮೀಸೆ ಈಗಷ್ಟೇ ದಟ್ಟವಾಗುತ್ತಿತ್ತು. ಆ ಮೇಷ್ಟ್ರು ಎರಡನೆಯ ವಾರವೇ ಮುಳುಗಿದ ದುಡ್ಡಿನ ಪಾಠ ಎತ್ತಿಕೊಂಡರು. ಸಿನಿಮಾಕ್ಕೆ ಟಿಕೆಟ್ ತಗೊಂಡಿದ್ದೀರಿ, ಸಿನಿಮಾ ಕೆಟ್ಟದಾಗಿದೆ, ಎದ್ದು ಹೋಗುತ್ತೀರೋ ಕೂತು ನೋಡುತ್ತೀರೋ ಎಂದು ಕೇಳಿದರು. ಅತ್ತಿಗೆ ಕೈ ಎತ್ತಿ, ಕೂರುತ್ತೇನೆ, ಪಕ್ಕದವರು ಎದ್ದರೆ ಅವರನ್ನೂ ಕೂರಿಸುತ್ತೇನೆ ಎಂದಳು. ತರಗತಿ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. ಕೂತರೂ ಆ ದುಡ್ಡು ಬರುವುದಿಲ್ಲ, ಎದ್ದರೂ ಬರುವುದಿಲ್ಲ. ಖರ್ಚಾದದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಮುಂದೆ ಏನು ಸಿಗುತ್ತದೆ, ಏನು ಹೋಗುತ್ತದೆ ಅನ್ನುವುದಷ್ಟನ್ನೇ ನೋಡಬೇಕು ಎಂದು ಬೋರ್ಡಿನ ಮೇಲೆ ಬರೆದರು.

ಅತ್ತಿಗೆ ಗರ ಬಡಿದವಳಂತೆ ಮನೆಗೆ ಬಂದಳು. ನಾನು ಮೆಟ್ಟಿಲಲ್ಲಿ ಸಿಕ್ಕಿದಾಗ ನಡೆದದ್ದನ್ನೆಲ್ಲ ಹೇಳಿದಳು. ಕಟ್ಟಿದ ಫೀಸು ದಂಡವಾಗಬಾರದು ಅಂತಲೇ ಅವಳು ಕಾಲೇಜು ಸೇರಿದ್ದು, ಕಾಲೇಜಿನವರು ಹೇಳಿಕೊಟ್ಟದ್ದು ಹಾಗೆ ಸೇರುವವರು ದಡ್ಡರು ಅಂತ. ನಾನು ಎಲಾಸ್ಟಿಕ್ಕಿನ ಸುರುಳಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವಳು ನಗಲಿಲ್ಲ. ಅವಳ ತಲೆ ಆಗಲೇ ಬೇರೆ ಕಡೆ ಓಡುತ್ತಿತ್ತು. ಮೆಟ್ಟಿಲ ಕೆಳಗಿನ ಹಿಂದಿನ ಕೋಣೆಯ ಬಾಗಿಲನ್ನು ಒಂದೇ ಸಮನೆ ನೋಡುತ್ತಿದ್ದಳು.

ಮಾರನೆಯ ದಿನ ಅಪ್ಪ ಕಾಫಿ ಕುಡಿಯುವಾಗ ಅವಳು ಪಾಠ ಶುರುಮಾಡಿದಳು. ಸಿನಿಮಾ, ಟಿಕೆಟ್, ಎಲ್ಲ ಬಂತು. ಪ್ಯಾಡಿಗೆ ಹಾಕಿದ್ದು ಮುಳುಗಿದ ದುಡ್ಡು, ಅದರ ಮೇಲೆ ಬಡ್ಡಿ ಹಾಕುವುದು ಇಲ್ಲದ ಹಸುವಿನ ಹಾಲು ಕಾಯಿಸಿದ ಹಾಗೆ, ಬಂದಷ್ಟಕ್ಕೆ ಕೊಟ್ಟು ಕೋಣೆ ಖಾಲಿ ಮಾಡಿದರೆ ಹೊಸ ಸರಕಿಗೆ ಜಾಗವಾಗುತ್ತದೆ ಎಂದಳು. ಅಪ್ಪ ಕೊನೆಯವರೆಗೂ ಕೇಳಿದರು. ನನಗೆ ಗೊತ್ತು, ಅವರು ಅಷ್ಟು ತಾಳ್ಮೆಯಿಂದ ಕೇಳಿದರೆ ಎದುರಿನವರಿಗೆ ಉಳಿಗಾಲವಿಲ್ಲ.

"ಈ ಪಾಠ ನಿಮ್ಮ ಮೇಷ್ಟ್ರು ಫೀಸು ತಗೊಳ್ಳೋಕೆ ಮುಂಚೆ ಮಾಡಿದ್ರಾ, ತಗೊಂಡ ಮೇಲೆ ಮಾಡಿದ್ರಾ?" ಎಂದು ಕೇಳಿದರು.

"ತಗೊಂಡ ಮೇಲೆ, ಮಾವ."

"ಬುದ್ಧಿವಂತ. ನಿನ್ನ ಫೀಸೂ ಮುಳುಗಿದ ದುಡ್ಡೇ ತಾನೆ? ಮತ್ತೆ ನೀನ್ಯಾಕಮ್ಮ ದಿನಾ ಬಸ್ಸು ಹತ್ತಿ ಹೋಗ್ತೀಯಾ? ನೀನು ಕಾಲೇಜು ಬಿಡು, ನಾನು ಕೋಣೆ ಬಿಡ್ತೀನಿ."

ಅಣ್ಣ ಖುಷಿಯಿಂದ ಇನ್ನೊಂದು ಲೋಟ ಕಾಫಿ ಕೇಳಿದ. ಒಂದೇ ಏಟಿಗೆ ಹೆಂಡತಿಯೂ ಅಂಗಡಿಗೆ ವಾಪಸ್, ಕೋಣೆಯೂ ಖಾಲಿ, ಇನ್ನೇನು ಬೇಕು ಅವನಿಗೆ? ಆದರೆ ಸಂಜೆಯಾಗುತ್ತಲೇ ಅತ್ತಿಗೆ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊರಟಳು. ಪೂರ್ತಿ ಫೀಸು ಕಟ್ಟಿದ್ದೀವಿ, ಸುಮ್ಮನೆ ಬಿಡೋಕಾಗುತ್ತಾ ಎಂದು ಅಣ್ಣನಿಗೆ ಹೇಳಿದಳು. ಹಿಂದಿನ ದಿನ ಕಲಿತದ್ದಕ್ಕೆ ಇದು ತದ್ವಿರುದ್ಧ ಎಂದು ನಾನು ನೆನಪಿಸಿದ್ದಕ್ಕೆ, ನೀನು ಹಲ್ಲು ನೋಡಿಕೋ ಹೋಗು ಎಂದಳು.

ಆ ವರ್ಷ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಅಣ್ಣ ಭಾನುವಾರ ಮಲಗಿದರೆ, ಆ ಹೊತ್ತಿನಲ್ಲಿ ಅವನು ಎಷ್ಟು ಜಿಪ್ಪು ಮಾರಬಹುದಿತ್ತು ಎಂದು ಅವನ ಕಿವಿಯ ಬಳಿಯೇ ಲೆಕ್ಕ ಹಾಕುತ್ತಿದ್ದಳು. ಬಚ್ಚಲಲ್ಲಿ ಒಂದಕ್ಕಿಂತ ಹೆಚ್ಚು ಸೋಪು ಕಂಡರೆ ದುಡ್ಡು ಸುಮ್ಮನೆ ಕೂತಿದೆ ಎಂದು ಬೈಯುತ್ತಿದ್ದಳು. ಇದರ ಫಲವಾಗಿ ಒಂದು ದಿನ ಅಣ್ಣ ತಲೆಗೆ ನೀರು ಹುಯ್ದುಕೊಂಡ ಮೇಲೆ ಮನೆಯಲ್ಲಿ ಸೋಪೇ ಇಲ್ಲ ಎಂದು ಗೊತ್ತಾಯಿತು. ಅವಳೇನು ಮಹಾ ಜಾಣೆಯೂ ಅಲ್ಲ. ಕಂಪನಿಯೊಂದಕ್ಕೆ ತುರ್ತಾಗಿ ಬಂಡವಾಳ ಬೇಕಾದರೆ ಯಾವ ಮೂಲಗಳಿವೆ, ವಿವರಿಸಿ ಎಂಬ ಪ್ರಶ್ನೆಗೆ, ಮೊದಲು ನಾದಿನಿಯ ಹತ್ತಿರ ಕೇಳಬೇಕು, ಗಂಡನಿಗೆ ತಿಳಿಸಬಾರದು ಎಂದು ಬರೆದು ಸೊನ್ನೆ ತೆಗೆದುಕೊಂಡಳು. ಉತ್ತರಪತ್ರಿಕೆ ನೋಡಿ ನಾನು ಆ ಸೊನ್ನೆಯನ್ನು ಖಂಡಿಸಿದೆ, ಯಾಕೆಂದರೆ ಉತ್ತರ ಸರಿಯಾಗಿಯೇ ಇತ್ತು.

ಆದರೆ ಬೈಗುಳದ ಮಧ್ಯೆ ನಾನು ಇನ್ನೊಂದನ್ನೂ ಗಮನಿಸುತ್ತಿದ್ದೆ. ಸಂಜೆ ಬಸ್ಸಿನ ಹೊತ್ತು ಹತ್ತಿರವಾದಂತೆ ಅವಳ ಕೈ ಚುರುಕಾಗುತ್ತಿತ್ತು. ಗಿರಾಕಿಗೆ ಗುಂಡಿ ಕೊಡುವಾಗ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು. ವಾಪಸ್ ಬಂದ ಮೇಲೆ ಮೆಟ್ಟಿಲಲ್ಲಿ ಕೂತು, ಅಂದಿನ ತರಗತಿಯಲ್ಲಿ ಯಾರು ಏನಂದರು, ತಾನು ಏನಂದೆ, ಮೇಷ್ಟ್ರ ಮುಖ ಹೇಗಾಯಿತು ಎಂದು ಒಂದೊಂದನ್ನೂ ನನಗೆ ಒಪ್ಪಿಸದೆ ಮೇಲೆ ಹೋಗುತ್ತಿರಲಿಲ್ಲ. ಅಂಗಡಿಯ ಮಾತು, ಮಗನ ಮಾತು, ಮಾವನ ಔಷಧಿಯ ಮಾತು ಬಿಟ್ಟು ಅವಳು ತನ್ನದೇ ಮಾತು ಆಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ.

ಮೊದಲ ವರ್ಷ ಪಾಸಾದಳು. ಹಾಗೂ ಹೀಗೂ ಪಾಸಾದಳು ಎನ್ನಬೇಕು. ಅಲ್ಲಿಗೆ ಮಗನ ಫೀಸು ತೀರಿತು. ಎರಡನೆಯ ವರ್ಷಕ್ಕೆ ಹೊಸದಾಗಿ ಕಟ್ಟಬೇಕು. ಕಟ್ಟಿಯಾಗಿದೆ, ದಂಡವಾಗಬಾರದು ಎನ್ನುವ ನೆಪ ಇನ್ನಿಲ್ಲ.

ಕೊನೆಯ ದಿನಾಂಕ ಹತ್ತಿರ ಬಂದರೂ ಅತ್ತಿಗೆ ಸೊಲ್ಲೆತ್ತಲಿಲ್ಲ. ಒಂದು ಸಂಜೆ ನಾನು ಕ್ಲಿನಿಕ್ಕಿನಿಂದ ಬಂದಾಗ, ಬಸ್ಸಿನ ಹೊತ್ತಿನಲ್ಲಿ ಎಲಾಸ್ಟಿಕ್ಕಿನ ಸುರುಳಿಯ ಮೇಲೆ ಸುಮ್ಮನೆ ಕೂತಿದ್ದಳು. ಸಾಕು ಬಿಡು, ಒಂದು ವರ್ಷ ಓದಿದ್ದೇ ದೊಡ್ಡದು ಎಂದಳು. ಅಣ್ಣನನ್ನು ಕೇಳಿದೆಯಾ ಎಂದೆ.

"ಏನಂತ ಕೇಳ್ಲಿ? ಅವತ್ತು ದುಡ್ಡು ಕಟ್ಟಿಯಾಗಿತ್ತು, ಹೋದೆ. ಇವತ್ತು ಏನು ಕಾರಣ ಹೇಳ್ಲಿ?"

ನನಗೆ ಮೈಯೆಲ್ಲ ಉರಿಯಿತು. ಈ ಹೆಂಗಸು ಮದುವೆಯಾಗಿ ಬಂದಾಗಿನಿಂದ ಮಗನಿಗೆ ಬೇಕು, ಅಂಗಡಿಗೆ ಬೇಕು, ಮಾವನಿಗೆ ಬೇಕು ಎಂದಿದ್ದಾಳೆಯೇ ಹೊರತು ತನಗೆ ಬೇಕು ಎಂದದ್ದಿಲ್ಲ. ಚಪ್ಪಲಿ ಬೇಕಾದರೆ ಕಿತ್ತುಹೋದ ಹಳೆಯದನ್ನು ಕೈಯಲ್ಲಿ ಹಿಡಿದು ತೋರಿಸುತ್ತಾಳೆ, ಏನೋ ನಾವು ಸಾಕ್ಷಿ ಕೇಳಿದವರ ಹಾಗೆ. ಕನ್ನಡಕ ಬೇಕಾದಾಗ ಅಪ್ಪನ ಹಳೆಯ ಫ್ರೇಮಿಗೆ ಗಾಜು ಹಾಕಿಸಿಕೊಂಡಳು. ಇನ್ನು ಎಂಬಿಎಗೆ ಏನನ್ನು ಕಿತ್ತು ತಂದು ತೋರಿಸಬೇಕಿತ್ತೋ. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕಾರಣ ಇಲ್ಲದಿದ್ದರೆ ಕಾರಣ ಇಲ್ಲ ಅಂತಲೇ ಕೇಳು, ಕೇಳದೆ ಇದ್ದರೆ ನಾಳೆಯಿಂದ ನಿನ್ನ ಜೊತೆ ನನ್ನ ಮಾತಿಲ್ಲ ಎಂದೆ. ನಾನು ಮಾತು ಬಿಡುತ್ತೇನೆ ಎಂದದ್ದನ್ನು ಅವಳು ನಂಬಲಿಲ್ಲ, ಆದರೂ ಸ್ವಲ್ಪ ನಕ್ಕಳು.

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಎಲ್ಲರೂ ಮೇಜಿನ ಸುತ್ತ ಕೂತಿದ್ದೆವು. ಮಗರಾಯ ಒದ್ದೆ ತಲೆಯಲ್ಲೇ ಊಟ ಮಾಡುತ್ತಿದ್ದ. ಅತ್ತಿಗೆ ಎಲ್ಲರಿಗೂ ಬಡಿಸಿ, ಕೂರದೆ, ಕುರ್ಚಿಯ ಬೆನ್ನು ಹಿಡಿದು ನಿಂತಳು. ಎರಡನೆಯ ವರ್ಷದ ಫೀಸು ಕಟ್ಟಬೇಕು ಎಂದಳು. ಅಣ್ಣ ಕೆಟ್ಟವನಲ್ಲ. ಆದರೆ ಎಷ್ಟಾದರೂ ವ್ಯಾಪಾರಿ. ಕಟ್ಟಿದರೆ ಏನು ಲಾಭ ಎಂದು ಕೇಳಿದ.

"ಲೆಕ್ಕ ಹಾಕಿದೀನಿ," ಎಂದಳು ಅತ್ತಿಗೆ. "ಕಾಲೇಜಲ್ಲಿ ಕಲಿಸಿದ ಹಾಗೇ ಹಾಕಿದೀನಿ. ಈ ವಯಸ್ಸಲ್ಲಿ ನನಗೆ ಯಾರೂ ಕೆಲಸ ಕೊಡಲ್ಲ. ಅಂಗಡಿಗೆ ಅನುಕೂಲ ಆಗುತ್ತೆ ಅಂತ ಹಿಡಿದ್ರೂ ಫೀಸು ಹುಟ್ಟಲ್ಲ. ಹೆಂಗೆ ಹಾಕಿದ್ರೂ ನಷ್ಟಾನೇ ಬರುತ್ತೆ."

"ಮತ್ತೆ ಇನ್ನೇನು?"

"ಇನ್ನೇನಿಲ್ಲ. ನನಗೆ ಬೇಕು."

ಮಗ ಊಟ ನಿಲ್ಲಿಸಿ ಅಮ್ಮನನ್ನು ನೋಡಿದ. ಅಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. ಇದ್ದ ದುಡ್ಡನ್ನೆಲ್ಲ ಹೊಸ ಜಿಪ್ಪಿನ ಸರಕಿಗೆ ಕೊಟ್ಟಾಗಿದೆ, ಕೊನೆಯ ದಿನದೊಳಗೆ ಅಷ್ಟು ಹೊಂದಿಸುವುದು ಕಷ್ಟ ಎಂದು ತಡವರಿಸಿದ. ಅದು ಸುಳ್ಳಲ್ಲ, ಆ ಜಿಪ್ಪುಗಳು ಆಗ ನನ್ನ ಮನೆಯ ಬಾಗಿಲ ಮುಂದೆಯೇ ಬಿದ್ದಿದ್ದವು. ನಾನು ಕೊಡುತ್ತೇನೆ ಎಂದೆ. ನಾದಿನಿ ಹತ್ತಿರ ಕೇಳಬೇಕು ಅಂತ ಬರೆದು ಒಂದು ಸಲ ಸೊನ್ನೆ ತಗೊಂಡಿದ್ದೀನಿ, ಮತ್ತೆ ಬೇಡ ಎಂದಳು. ಅಷ್ಟರಲ್ಲಿ ಅಪ್ಪ ಕೈ ತೊಳೆದುಕೊಂಡು, ಸರಕು ನೋಡಿ ಬರುತ್ತೇನೆ ಎಂದು ಎದ್ದು ಕೆಳಗೆ ಹೋದರು. ಇಂಥ ಹೊತ್ತಿನಲ್ಲೂ ನಿದ್ದೆಯೇ ಎಂದು ನನಗೆ ಅವರ ಮೇಲೂ ಸಿಟ್ಟು ಬಂತು. ಆದರೆ ಅಂದು ಎಷ್ಟು ಹೊತ್ತಾದರೂ ಕೋಣೆಯಿಂದ ಗೊರಕೆ ಕೇಳಲಿಲ್ಲ.

ಎರಡು ದಿನ ಬಿಟ್ಟು ನಾನು ಕೆಲಸಕ್ಕೆ ಹೊರಡುವಾಗ ಅಂಗಡಿಯ ಮುಂದೆ ಒಂದು ಗೂಡ್ಸ್ ಗಾಡಿ ನಿಂತಿತ್ತು. ಪಕ್ಕದಲ್ಲಿ ನಾಯಿ ಹಾಸಿಗೆಯವನು ತಕ್ಕಡಿ ಹೂಡಿಕೊಂಡು ನಿಂತಿದ್ದ. ಅಪ್ಪನೇ ಫೋನು ಮಾಡಿ ಕರೆಸಿದ್ದರು. ಮೂಟೆಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಅಪ್ಪ ಬೀದಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು, ಮೂಟೆಗೆ ಕಟ್ಟಿದ್ದ ಬೆಲೆಯ ಚೀಟಿಗಳನ್ನು ಒಂದೊಂದೇ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅರ್ಧ ಬೀದಿ ಸೇರಿತ್ತು. ಅತ್ತಿಗೆ ಸುದ್ದಿ ಕೇಳಿ ಕೈಯಲ್ಲಿ ಸೌಟು ಹಿಡಿದೇ ಓಡಿಬಂದಳು. ಮೊದಲು, ಬೇಡ ಮಾವ, ನಿಲ್ಲಿಸಿ ಎಂದು ಅಳತೊಡಗಿದಳು. ಆಮೇಲೆ ಆ ಮನುಷ್ಯ ಹೇಳಿದ ರೇಟು ಕಿವಿಗೆ ಬಿತ್ತು. ಅಲ್ಲಿಗೆ ಅಳು ನಿಂತುಹೋಯಿತು. ಈ ರೇಟಿಗೆ ನಾಯಿಯಲ್ಲ, ನಾಯಿಯ ಬಾಲವೂ ಮಲಗುವುದಿಲ್ಲ ಎಂದು ಸೌಟು ಆಡಿಸುತ್ತ ಚೌಕಾಸಿಗೆ ಇಳಿದಳು. ಅವನು ಬೆವರು ಒರೆಸಿಕೊಂಡು ಎರಡು ಸಲ ರೇಟು ಏರಿಸಿದ. ಗಾಡಿ ಹೊರಟಾಗ ಅಪ್ಪ ಬಂದ ದುಡ್ಡನ್ನು ಅವಳ ಕೈಗೆ ಕೊಟ್ಟರು.

ಅತ್ತಿಗೆ ಕಣ್ಣು ತುಂಬಿಕೊಂಡು ನಿಂತಳು. "ಮಾವ, ನೀವು ಹಾಕಿದ್ದರಲ್ಲಿ ಕಾಲು ಭಾಗವೂ ಬಂದಿಲ್ಲ."

"ಹಾಕಿದ್ದು ಮುಳುಗಿದ ದುಡ್ಡಮ್ಮ. ಅದನ್ನ ಲೆಕ್ಕಕ್ಕೇ ತಗೋಬಾರದು ಅಂತ ನೀನೇ ಪಾಠ ಮಾಡಿದ್ದೆ. ಹೋಗು, ಮುಂದಿನದು ಕಟ್ಟು."

ಅಷ್ಟು ಹೇಳಿ ಒಳಗೆ ಹೋದವರು ಖಾಲಿ ಕೋಣೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು. ನನ್ನ ಅಪ್ಪನನ್ನು ನಾನು ಜೀವಮಾನವಿಡೀ ಹಟಮಾರಿ ಎಂದೇ ಅಂದುಕೊಂಡಿದ್ದೆ. ಅಂದು ಅವರ ಬೆನ್ನು ನೋಡಿ ನನಗೆ ತುಂಬ ಸಂಕಟವಾಯಿತು. ಫೀಸಿಗೆ ಕಡಿಮೆ ಬಿದ್ದದ್ದನ್ನು ಅಣ್ಣ ತುಟಿ ಪಿಟಕ್ಕೆನ್ನದೆ ಸೇರಿಸಿದ.

ಕೋಣೆ ಖಾಲಿಯಾಗಿ ಎಲಾಸ್ಟಿಕ್ಕು ಮೆಟ್ಟಿಲಿಳಿಯಿತು. ಅಣ್ಣನ ಹಾಸಿಗೆ ಅಣ್ಣನಿಗೆ ಸಿಕ್ಕಿತು. ಕೋಣೆಯ ಕಿಟಕಿಯ ಹತ್ತಿರ ಅತ್ತಿಗೆಗೊಂದು ಮೇಜು ಬಂತು. ಹಗಲು ಹೊತ್ತು ಅವಳು ಅಲ್ಲಿ ಕೂತು ಬೀದಿಯ ಟೈಲರುಗಳ ತೆರಿಗೆಯ ಲೆಕ್ಕ ಬರೆದುಕೊಡಲು ಶುರುಮಾಡಿದಳು. ಅವರು ಕೊಡುತ್ತಿದ್ದದ್ದು ಪುಡಿಗಾಸು. ಆದರೆ ಅದನ್ನು ಅಂಗಡಿಯ ಗಲ್ಲಾಪೆಟ್ಟಿಗೆಗೆ ಹಾಕದೆ ಬೇರೆ ಚೀಲದಲ್ಲಿಟ್ಟುಕೊಂಡಳು. ಅಪ್ಪನಿಗೆ ಮಾತ್ರ ಮಧ್ಯಾಹ್ನದ ನಿದ್ದೆ ಹಾಳಾಯಿತು. ಕುರ್ಚಿಯಲ್ಲಿ ಮಲಗಿದರೆ ಕತ್ತು ನೋಯುತ್ತೆ, ಎಲ್ಲಾ ನಿಮ್ಮ ಮೇಷ್ಟ್ರಿಂದ ಎಂದು ಬೈಯುತ್ತಿದ್ದರು.

ಕೊನೆಯ ಪರೀಕ್ಷೆಯ ಜೊತೆಗೆ ಮೌಖಿಕ ಪರೀಕ್ಷೆಯೊಂದು ಇತ್ತು. ಹೊರಗಿನ ಪರೀಕ್ಷಕರು ಬರುತ್ತಾರೆ, ಎಲ್ಲರೂ ಕೋಟು ಹಾಕಿಕೊಂಡೇ ಬರಬೇಕು ಎಂದು ಕಾಲೇಜಿನ ಅಪ್ಪಣೆಯಾಯಿತು. ಕೋಟು ಕೊಳ್ಳುವ ಮಾತೇ ಇಲ್ಲ ಎಂದು ಅತ್ತಿಗೆ ಅಣ್ಣನ ಹಳೆಯ ಕೋಟನ್ನು ಬಿಚ್ಚಿಸಿ ತನ್ನ ಅಳತೆಗೆ ಹೊಲಿಯಲು ಎದುರಿನ ಟೈಲರಿಗೆ ಕೊಟ್ಟಳು. ಅಳತೆ ನೋಡಲೆಂದು ಟೈಲರು ಅಂಗಡಿಗೇ ಬಂದ. ಹಾಕಿಕೊಂಡು ನಿಂತರೆ ಕೋಟಿನ ಭುಜ ಎರಡೂ ಕಡೆ ಜೋತುಬಿದ್ದಿತ್ತು. ಟೈಲರು ಹಿಂದೆ ಮುಂದೆ ನೋಡಿ, ಮೇಡಂ, ಇದಕ್ಕೆ ಒಳಗಡೆ ಪ್ಯಾಡು ಬೇಕು ಎಂದ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಹೊತ್ತಿಗೆ ನಮ್ಮ ಪ್ಯಾಡುಗಳ ಮೇಲೆ ಯಾವ ಯಾವ ನಾಯಿ ಮಲಗಿತ್ತೋ. ಅಣ್ಣ ಅಡುಗೆಮನೆಯಿಂದ ಇಲಿ ಕಡಿದದ್ದು ಎರಡು ತರಲೇ ಎಂದ. ಅಷ್ಟರಲ್ಲಿ ಅಪ್ಪ ಎದ್ದು ಮೇಲೆ ಹೋದರು. ಬೀರು ತೆಗೆದ ಸದ್ದಾಯಿತು. ಕೆಳಗೆ ಬಂದಾಗ ಅವರ ಕೈಯಲ್ಲಿ ಒಂದು ಜೊತೆ ಪ್ಯಾಡು ಇತ್ತು. ಇಲಿ ಮುಟ್ಟದ, ಮಡಿಕೆ ಬೀಳದ, ಹೊಸದು. ಅದಕ್ಕೆ ರಟ್ಟಿನ ಚೀಟಿ ಕಟ್ಟಿತ್ತು. ಈ ವರ್ಷದ ಬಡ್ಡಿಯನ್ನೂ ಸೇರಿಸಿ ಬರೆದಿದ್ದರು. ಎಲ್ಲ ಮಾರುವಾಗ ಒಂದು ಜೊತೆ ಎತ್ತಿಟ್ಟುಕೊಂಡಿದ್ದದ್ದು ನಮಗಾರಿಗೂ ಗೊತ್ತಿರಲಿಲ್ಲ.

ಅತ್ತಿಗೆ ಕೈಚಾಚಿದಳು. ಅಪ್ಪ ಕೊಡಲಿಲ್ಲ.

"ಬೆಲೆ ಚೀಟಿ ಮೇಲಿದೆ," ಎಂದರು.

ನನಗೆ ತಡೆಯಲಾಗಲಿಲ್ಲ. ಸೊಸೆಯ ಹತ್ತಿರವೂ ವ್ಯಾಪಾರವಾ, ನಾಚಿಕೆಯಾಗಬೇಕು ನಿಮಗೆ ಎಂದು ಶುರುಮಾಡಿದೆ. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ಅತ್ತಿಗೆ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. ಈಗ ಶುರುವಾಗುತ್ತದೆ ನೋಡು ಎಂದುಕೊಂಡೆ. ಹಲ್ಲು ಕೀಳಿಸಿಕೊಳ್ಳಲೂ ಚೌಕಾಸಿ ಮಾಡಿದವಳು, ಬಡ್ಡಿಗೆ ಬಡ್ಡಿ ಬಿದ್ದ ಈ ಬೆಲೆಗೆ ಏನೇನು ಅನ್ನುತ್ತಾಳೋ ಎಂದು ಟೈಲರೂ ಸೂಜಿ ಕಚ್ಚಿಕೊಂಡು ಕಾದ. ಅವಳು ಒಳಗಿನ ಕೋಣೆಗೆ ಹೋಗಿ ಮೇಜಿನ ಖಾನೆಯಿಂದ ತನ್ನ ಚೀಲ ತಂದಳು. ಟೈಲರುಗಳು ಕೊಟ್ಟ ಪುಡಿ ನೋಟುಗಳನ್ನೆಲ್ಲ ಸರಿಮಾಡಿ, ಚೀಟಿಯಲ್ಲಿದ್ದಷ್ಟನ್ನೂ ಮಾವನ ಕೈಯಲ್ಲಿಟ್ಟಳು. ಚೀಲ ಹೆಚ್ಚುಕಡಿಮೆ ಖಾಲಿಯಾಯಿತು.

ಅಪ್ಪ ದುಡ್ಡು ಜೇಬಿಗಿಳಿಸಿ, ಚೀಟಿ ಬಿಚ್ಚಿ, ಪ್ಯಾಡು ಟೈಲರಿಗೆ ಕೊಟ್ಟರು. ಆಮೇಲೆ ಅಂಗಡಿಯ ಬಾಗಿಲಿಗೆ ಹೋಗಿ ನಿಂತು, ಬೀದಿಯಲ್ಲಿ ಹೋಗುತ್ತಿದ್ದ ಪರಿಚಯದವರನ್ನೆಲ್ಲ ನಿಲ್ಲಿಸಿ, "ನಾನು ಹೇಳಿರಲಿಲ್ವಾ, ನನ್ನ ಬೆಲೆಗೇ ಹೋಗುತ್ತೆ ಅಂತ? ಇವತ್ತು ಹೋಯ್ತು," ಎಂದು ಹೇಳತೊಡಗಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಸಂಜೆ ಮೆಟ್ಟಿಲಲ್ಲಿ ಅತ್ತಿಗೆಯನ್ನು ಹಿಡಿದು ನಿಲ್ಲಿಸಿದೆ. ಅವಳು ಹೊಲಿದು ಬಂದ ಕೋಟು ಹಾಕಿಕೊಂಡು ಕನ್ನಡಿ ನೋಡಲೆಂದು ಮೇಲೆ ಹೋಗುತ್ತಿದ್ದಳು. ಭುಜ ನೆಟ್ಟಗೆ ನಿಂತಿತ್ತು. ಆ ಚಿಂದಿಗೆ ಅಷ್ಟು ದುಡ್ಡು ಕೊಟ್ಟೆಯಲ್ಲ, ನಿನ್ನ ಫೈನಾನ್ಸ್ ಎಲ್ಲಿ ಹೋಯಿತು, ಲೆಕ್ಕ ಹಾಕಲಿಲ್ಲವಾ ಎಂದು ಕೇಳಿದೆ.

"ಹಾಕಿದೆ. ಶುದ್ಧ ನಷ್ಟ," ಎಂದಳು. ಕೋಟಿನ ಭುಜವನ್ನು ಒಮ್ಮೆ ಸವರಿಕೊಂಡಳು. "ನನಗೆ ಬೇಕಿತ್ತು ಕಣೆ."